ಶಿರಾಡಿ ಇಳಿದರೆ ಸಿಗೋ ಅಲೆಗಳು

ಸರ್ಫಿಂಗ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಹವಾಯಿ, ಆಸ್ಟ್ರೇಲಿಯಾ, ಬಂಗಾರದ ಕೂದಲಿನ ಹುಡುಗರು, ಕಾರಿನ ನೆತ್ತಿಗೆ ಕಟ್ಟಿದ ಉದ್ದುದ್ದ ಹಲಗೆಗಳು. ಗೊತ್ತಿಲ್ಲದ ದೇಶದ ಕಡಲ ದಂಡೆ ಹಿಡಿದು, ಒಳ್ಳೇ ಅಲೆ ಸಿಕ್ಕಲ್ಲಿ ಗಾಡಿ ನಿಲ್ಲಿಸಿ, ಸಾಕಾದ ಮೇಲೆ ಮುಂದಿನ ಊರಿಗೆ ಹೊರಡೋ ಹುಚ್ಚು ಅದು. ಈ ಹುಚ್ಚನ್ನು ಜಗತ್ತಿಗೆಲ್ಲ ಹಂಚಿದ್ದು 1966ರಲ್ಲಿ ಬಂದ ಬ್ರೂಸ್ ಬ್ರೌನ್‌ನ 'ದಿ ಎಂಡ್‌ಲೆಸ್ ಸಮ್ಮರ್' ಅನ್ನೋ ಸಾಕ್ಷ್ಯಚಿತ್ರ. ಕ್ಯಾಲಿಫೋರ್ನಿಯಾದ ಇಬ್ಬರು ಹುಡುಗರು ಬೇಸಿಗೆಯನ್ನು ಅಟ್ಟಿಸಿಕೊಂಡು ಆಫ್ರಿಕಾ, ಆಸ್ಟ್ರೇಲಿಯಾ, ತಾಹಿತಿ ಅಂತ ಸುತ್ತುತ್ತಾರೆ. ದಕ್ಷಿಣ ಆಫ್ರಿಕಾದ ಕೇಪ್ ಸೇಂಟ್ ಫ್ರಾನ್ಸಿಸ್‌ನಲ್ಲಿ ಒಂದು ಅದ್ಭುತ ಅಲೆಯನ್ನು 'ಕಂಡುಹಿಡೀತಾರೆ'. ಈ ಕಂಡುಹಿಡಿಯೋದು ಅನ್ನೋ ಮಾತೇ ನನಗೆ ಸ್ವಲ್ಪ ತಮಾಷೆ ಅನ್ಸತ್ತೆ. ಅಲ್ಲಿ ಮೀನು ಹಿಡಿಯೋರಿಗೆ ಆ ಅಲೆ ಗೊತ್ತಿರಲಿಲ್ವಾ? :)

ಇಂಗ್ಲಿಷಿನ 'ಸರ್ಫ್' ಅನ್ನೋ ಪದ ಮೊದಮೊದಲು ಬಳಕೆಯಾದದ್ದೇ ಭಾರತದ ದಂಡೆಯ ಅಲೆಗಳ ಬಗ್ಗೆ, 1680ರ ದಶಕದಲ್ಲಿ. ಮೂಲ ಯಾವುದು ಅಂತ ಖಚಿತವಿಲ್ಲ, ಭಾರತದ್ದೇ ಯಾವುದೋ ಭಾಷೆಯ ಪದ ಇರಬಹುದು ಅನ್ನೋ ಊಹೆ ನಿಘಂಟುಗಳಲ್ಲಿದೆ. 'ಕ್ಯಾಟಮರಾನ್' ಅಂತೂ ತಮಿಳಿನ ಕಟ್ಟುಮರವೇ. ಅಂದ್ರೆ ಒಡೆಯೋ ಅಲೆಯ ಮೇಲೆ ಮರದ ತುಂಡಿನಲ್ಲಿ ಜಾರಿಕೊಂಡು ದಂಡೆಗೆ ಬರೋ ವಿದ್ಯೆ ನಮ್ಮ ಕಡೆ ಹೊಟ್ಟೆಪಾಡಾಗಿತ್ತು. ಅದನ್ನು ನಿಂತುಕೊಂಡು ಆಡೋ ಆಟ ಮಾಡಿದ್ದು ಪಾಲಿನೇಷ್ಯಾದವರು.

ನಮ್ಮ ಕರಾವಳಿಗುಂಟ ವಿದೇಶೀಯರು ತಿರುಗಿದ್ದೇನೂ ಹೊಸತಲ್ಲ. ರೋಮಿನ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಲ್ಲಿಳಿದು, ಘಟ್ಟ ಹತ್ತಿ ಇಕ್ಕೇರಿ ನೋಡಿ, ಮತ್ತೆ ಇಳಿದು ಮಂಗಳೂರಿಗೆ ಹೋಗಿ ಉಳ್ಳಾಲದ ರಾಣಿಯನ್ನು ಮಾತಾಡಿಸಿ ಬಂದ. ಯಾವ ಕೆಲಸಕ್ಕೆ ಅಂತ ಕೇಳಿದ್ರೆ, ಸುಮ್ನೆ ನೋಡೋಕೆ! ಕುತೂಹಲಕ್ಕಾಗಿಯೇ ಈ ದಂಡೆ ಸುತ್ತಿದ ಇಂಥವರನ್ನೇ ನಾನು ಸರ್ಫರ್‌ಗಳ ಹಿರಿಯಜ್ಜಂದಿರು ಅಂತ ಕರೆಯೋದು.

ಈಗ ನಮ್ಮೂರಿಗೆ ಬರೋಣ. ಸಕಲೇಶಪುರದವರಿಗೆ ಕಡಲು ಅಂದ್ರೆ 'ಘಟ್ಟದ ಕೆಳಗೆ'. ಟಿಪ್ಪು 1792ರಲ್ಲಿ ಎಂಟು ಮೂಲೆಯ ನಕ್ಷತ್ರದ ಹಾಗೆ ಮಂಜರಾಬಾದ್ ಕೋಟೆ ಕಟ್ಟಿಸಿದ್ದು ಮಂಗಳೂರಿನ ದಾರಿ ಕಾಯೋಕೆ. ಆಮೇಲೆ ಕಾಫಿ ಬಂತು. ರಾಬರ್ಟ್ ಎಲಿಯಟ್ ಅನ್ನೋ ಬ್ರಿಟಿಷ್ ಪ್ಲಾಂಟರ್ ಇಲ್ಲೇ ಮಂಜರಾಬಾದಿನಲ್ಲಿ ತೋಟ ಮಾಡಿ, 1894ರಲ್ಲಿ ಮೈಸೂರಿನ ಚಿನ್ನ, ಶಿಕಾರಿ, ಕಾಫಿ ಬಗ್ಗೆ ದಪ್ಪನೆ ಪುಸ್ತಕ ಬರೆದ. ಕಾಫಿ ಮೂಟೆ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಇಳೀತಿತ್ತು, ಉಪ್ಪು, ಒಣಮೀನು, ಕೂಲಿಯಾಳುಗಳು ಮೇಲೆ ಬರ್ತಿದ್ರು. ರೈಲು ಬಂದದ್ದು 1979ರಲ್ಲಿ. ಆಮೇಲೆ ಬ್ರಾಡ್‌ಗೇಜ್ ಮಾಡ್ತೀವಿ ಅಂತ 1996ರಲ್ಲಿ ನಿಲ್ಲಿಸಿದ್ದು, ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ರೀ! ಅಷ್ಟೂ ವರ್ಷ ಹೊಂಡ ಬಿದ್ದ ಶಿರಾಡಿ ರಸ್ತೆಯೇ ಗತಿ.

ಆ ಹನ್ನೊಂದು ವರ್ಷದ ನಡುವೆಯೇ, 2004ರಲ್ಲಿ, ಮಂಗಳೂರಿನಿಂದ ಸುಮಾರು 30 ಕಿ.ಮೀ. ಉತ್ತರಕ್ಕಿರೋ ಮೂಲ್ಕಿಯಲ್ಲಿ ಒಂದು ವಿಚಿತ್ರ ಆಶ್ರಮ ಶುರುವಾಯ್ತು. ಫ್ಲಾರಿಡಾದ ಜಾಕ್ ಹೆಬ್ನರ್ ಹುಡುಗನಾಗಿದ್ದಾಗಿನಿಂದ ಅಲೆ ಏರಿದವರು, 1970ರ ದಶಕದಲ್ಲಿ ಭಾರತಕ್ಕೆ ಬಂದು ಗೌಡೀಯ ವೈಷ್ಣವ ಸನ್ಯಾಸಿಯಾದವರು. ಕಾವಿಯುಟ್ಟರೂ ಬೋರ್ಡ್ ಬಿಡಲಿಲ್ಲ. ಜನ ಅವರನ್ನು 'ಸರ್ಫಿಂಗ್ ಸ್ವಾಮಿ' ಅಂತಲೇ ಕರೆದರು. ಬೆಳಗ್ಗೆ ಜಪ, ಆಮೇಲೆ ಅಲೆ, ಊಟಕ್ಕೆ ಸಸ್ಯಾಹಾರ, ಬೀಡಿ ಬಿಯರ್ ಎರಡೂ ಇಲ್ಲ. ಅಲೆ ಹುಡುಕಿಕೊಂಡು ದೇಶ ಸುತ್ತೋ ವಿದೇಶೀಯರು ಅಲ್ಲಿ ಬಂದು ಇಳಿಯೋಕೆ ಶುರು ಮಾಡಿದ್ರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 2005ರಲ್ಲಿ, ಕೇರಳದ ಕೋವಳಂನಲ್ಲಿ ಬೆಲ್ಜಿಯಂನವರೊಬ್ಬರು ಊರ ಮಕ್ಕಳಿಗೆ ಸರ್ಫಿಂಗ್ ಕಲಿಸೋ ಕ್ಲಬ್ ಮಾಡಿದ್ರು. ಹೀಗೆ ದಕ್ಷಿಣದ ದಂಡೆಯಲ್ಲೂ ಬೋರ್ಡ್ ಹೊತ್ತುಕೊಂಡು ಊರಿಂದೂರಿಗೆ ಹೋಗೋ ದಾರಿಯೊಂದು ಹುಟ್ಟಿಕೊಂಡಿತು.

ಆದ್ರೆ ನನಗೆ ಖುಷಿ ಕೊಡೋದು ಅತಿಥಿಗಳ ಕತೆ ಅಲ್ಲ, ಆಮೇಲಿನದು. ಮೂಲ್ಕಿಯ ಕ್ಲಬ್ಬಿನಲ್ಲಿ ಕಲಿತ ತನ್ವಿ ಜಗದೀಶ್ 2016ರಲ್ಲಿ ಫಿಜಿಯಲ್ಲಿ ನಡೆದ ಸ್ಟ್ಯಾಂಡ್‌ಅಪ್ ಪ್ಯಾಡ್ಲಿಂಗ್ ವಿಶ್ವ ಸ್ಪರ್ಧೆಗೆ ಭಾರತದಿಂದ ಹೋದಳು. ಅದೇ ವರ್ಷದ ಮೇ ತಿಂಗಳಲ್ಲಿ ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ನಡೀತು. ಮತ್ತೆ ಕೋವಳಂನಲ್ಲಿ ಅಲೆ ಏರೋದು ಕಲಿತ ರಮೇಶ್ ಬೂದಿಹಾಳ್! ಹೆಸರು ಕೇಳಿದ್ರೇ ಗೊತ್ತಾಗತ್ತಲ್ಲ, ಕರ್ನಾಟಕ ಮೂಲದ ಮನೆಯ ಹುಡುಗ. 2025ರ ಆಗಸ್ಟಿನಲ್ಲಿ ಮಹಾಬಲಿಪುರಂನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ. ಕಡಲಿಗೆ ಬೆನ್ನು ಹಾಕಿದ ಬಯಲುಸೀಮೆ, ಮಲೆನಾಡಿನವರು ನಾವು ಇದಕ್ಕೆ ಇನ್ನೂ ಸ್ವಲ್ಪ ಜೋರಾಗಿ ಚಪ್ಪಾಳೆ ತಟ್ಟಬಹುದಿತ್ತು.

ಇನ್ನು ಅಲೆ ಹೇಗಾಗತ್ತೆ ಅನ್ನೋದು. (ಇಂಜಿನಿಯರಿಂಗ್ ಓದಿದ ಚಟ, ಸಹಿಸಿಕೊಳ್ಳಿ.) ನಮ್ಮ ದಂಡೆಗೆ ಬರೋ ಉದ್ದನೆಯ ಅಲೆಗಳಲ್ಲಿ ಎಷ್ಟೋ ಹುಟ್ಟೋದು ಸಾವಿರಾರು ಕಿ.ಮೀ. ದಕ್ಷಿಣದ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ. ಇಲ್ಲಿ ಗಾಳಿಯ ಸುಳಿವೇ ಇಲ್ಲದ ದಿನ ಇದ್ದಕ್ಕಿದ್ದಂತೆ ಉಕ್ಕಿ ಬರೋ ಅಂಥ ಅಲೆಗೆ ಮಲೆಯಾಳಿ ಮೀನುಗಾರರು 'ಕಳ್ಳಕ್ಕಡಲ್' ಅಂತಾರೆ, ಕಳ್ಳ ಕಡಲು. ಎಂಥಾ ಹೆಸರು ನೋಡಿ! ಆಳದಲ್ಲಿ ಸುಮ್ನೆ ಬರ್ತಿದ್ದ ಅಲೆ, ನೀರಿನ ಆಳ ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದ ಕೂಡಲೇ ಮುಗ್ಗರಿಸಿ ಒಡೆಯತ್ತೆ. ಎಲ್ಲಿ, ಹೇಗೆ ಒಡೆಯಬೇಕು ಅನ್ನೋದನ್ನ ನಿರ್ಧರಿಸೋದು ತಳದ ಮರಳ ದಿಬ್ಬ. ಸಸಿಹಿತ್ಲುವಿನಲ್ಲಿ ಆ ದಿಬ್ಬ ಚೆನ್ನಾಗಿರೋಕೆ ಕಾರಣ ಅಲ್ಲಿ ನಂದಿನಿ, ಶಾಂಭವಿ ನದಿಗಳು ಕೂಡಿ ಕಡಲು ಸೇರೋ ಅಳಿವೆ. ನದಿ ಮರಳು ತಂದು ಹಾಕತ್ತೆ, ಕಡಲು ಅದನ್ನ ಹರಡತ್ತೆ. ಅದೇ ದಂಡೆಯಲ್ಲಿ ಕೈರಂಪಣಿ ಎಳೆಯೋರೂ ಆ ದಿಬ್ಬ ನೋಡಿಯೇ ಬಲೆ ಬಿಡೋದು.

ಈಗ ಆ ದಂಡೆ ಕರಗ್ತಾ ಇದೆ. ಸಸಿಹಿತ್ಲುವಿನ ಕಡಲ್ಕೊರೆತ ಹಲವು ಮಳೆಗಾಲಗಳಲ್ಲಿ ಸುದ್ದಿಯಾಗಿದೆ, ದಕ್ಷಿಣಕ್ಕೆ ಉಳ್ಳಾಲದ್ದಂತೂ ಹಳೇ ಗಾಯ. ಪರಿಹಾರ ಅಂತ ಲಾರಿಗಟ್ಟಲೆ ಕಲ್ಲು ಸುರೀತಾರೆ. ಕಲ್ಲಿನ ಗೋಡೆ ಹಿಂದಿನ ಮನೆಯನ್ನೇನೋ ಸ್ವಲ್ಪ ದಿನ ಉಳಿಸತ್ತೆ, ಆದ್ರೆ ಅದಕ್ಕೆ ಬಡಿದು ವಾಪಸ್ ಹೋಗೋ ನೀರು ಮುಂದಿನ ಮರಳನ್ನು ಎಳ್ಕೊಂಡು ಹೋಗತ್ತೆ. ದೋಣಿ ಎಳೆಯೋಕೆ ಜಾಗ ಇಲ್ಲ, ಅಲೆಯೂ ಇಲ್ಲ.

ಇದರಲ್ಲಿ ಸಕಲೇಶಪುರದ್ದೇನು ಅಂತೀರಾ? ನಮ್ಮೂರಿನ ಏಣಿನಲ್ಲಿ ಬಿದ್ದ ಮಳೆ ಎರಡು ಪಾಲಾಗತ್ತೆ. ಹೇಮಾವತಿ ಪಾಲಿನದು ಪೂರ್ವಕ್ಕೆ ಹೋಗಿ ಕಾವೇರಿ ಸೇರತ್ತೆ. ಇನ್ನೊಂದು ಪಾಲು ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ ಅಂತ ಇಳಿದು ಮಂಗಳೂರಿನ ಅಳಿವೆಗೆ. ಉಳ್ಳಾಲದ ದಂಡೆಯಲ್ಲಿರೋ ಮರಳಿನಲ್ಲಿ ನಮ್ಮ ಗುಡ್ಡಗಳ ಪಾಲೂ ಇದೆ. ಆ ನೇತ್ರಾವತಿಯ ಮೇಲ್ಭಾಗದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24 ಟಿಎಂಸಿ ನೀರೆತ್ತಿ ಪೂರ್ವಕ್ಕೆ ತಿರುಗಿಸೋ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯ್ತು. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆ ಸುಳ್ಳಲ್ಲ, ಅದನ್ನ ನಾನು ಲೇವಡಿ ಮಾಡಲ್ಲ. ಆದ್ರೆ ಲೆಕ್ಕದಲ್ಲಿ ನೀರು ಮಾತ್ರ ಇದೆ, ಮರಳಿನ ಮಾತನ್ನ ನಾನಂತೂ ನಮ್ಮೂರಿನ ಯಾವ ಚರ್ಚೆಯಲ್ಲೂ ಕೇಳಿಲ್ಲ. ಮಳೆಗಾಲದಲ್ಲಿ ಮಾತ್ರ ನೀರೆತ್ತುತ್ತೇವೆ ಅನ್ನೋದು ಸರ್ಕಾರದ ಸಮಾಧಾನ. ಮರಳು ಘಟ್ಟ ಇಳಿಯೋದೂ ಮಳೆಗಾಲದಲ್ಲೇ.

ಕರಾವಳಿ ಕಡೆಯ ಗೆಳೆಯರೇ, ನಿಮ್ಮಜ್ಜ ದೋಣಿ ಎಳೆದು ನಿಲ್ಲಿಸ್ತಿದ್ದ ಜಾಗ ಈಗ ನೆಲದಲ್ಲಿದೆಯಾ, ನೀರಲ್ಲಿದೆಯಾ? ಗೊತ್ತಿದ್ರೆ ನಿಮ್ಮ ಬ್ಲಾಗಿನಲ್ಲೂ ಬರೀರಿ.