ಗುಂಡು ಎಲ್ಲಿ ಕಟ್ಟಬೇಕು?

ಹೈದರಾಬಾದಿಗೂ ಸಮುದ್ರಕ್ಕೂ ಸಂಬಂಧವಿಲ್ಲ. ಅಲೆ ನೋಡಬೇಕು ಅನ್ನಿಸಿದರೆ ಮಚಲೀಪಟ್ಟಣಕ್ಕೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಅದರಲ್ಲೂ ನಾನಿರುವ ಜೀಡಿಮೆಟ್ಲಾ ಅಂದರೆ ಕಾರ್ಖಾನೆಗಳು, ಔಷಧಿ ವಾಸನೆ, ಲಾರಿ ಮತ್ತು ಧೂಳು. ನೀರು ಅಂತ ಇರೋದು ಫಾಕ್ಸ್ ಸಾಗರ್ ಕೆರೆ ಒಂದೇ. ಅದೂ 2020ರ ಅಕ್ಟೋಬರ್ ಮಳೆಯಲ್ಲಿ ತುಂಬಿ ಉಕ್ಕಿ ಪಕ್ಕದ ಕಾಲೊನಿಯ ಮನೆಗಳಿಗೆ ನುಗ್ಗಿದಾಗ ಮಾತ್ರ ನಮಗೆಲ್ಲ ಅದರ ನೆನಪಾಗಿದ್ದು!

ಇಂಥ ಊರಿನ ಬ್ಯಾಂಕಿನಲ್ಲಿ ಕೂತ ನನ್ನ ಮೇಜಿಗೆ ಒಂದು ದಿನ ದೋಣಿಯ ಸಾಲದ ಅರ್ಜಿ ಬಂತು. ತಂದವನು ಮೂವತ್ತರ ಹುಡುಗ. ಇಂಡಸ್ಟ್ರಿಯಲ್ ಏರಿಯಾದ ಒಳಗೆ ಒಂದು ಸಣ್ಣ ಫೈಬರ್ ಶೆಡ್ ಇಟ್ಟುಕೊಂಡಿದ್ದಾನೆ. ಇಷ್ಟು ದಿನ ನೀರಿನ ಟ್ಯಾಂಕು, ಕುರ್ಚಿ, ಪಾರ್ಕಿನ ಜಾರುಬಂಡೆ ಮಾಡುತ್ತಿದ್ದ. ಈಗ ಕರಾವಳಿಯ ಯಾವುದೋ ರೆಸಾರ್ಟಿನವರು ಹವ್ಯಾಸಕ್ಕೆ ಮೀನು ಹಿಡಿಯುವ ದೋಣಿ ಬೇಕು ಅಂದಿದ್ದಾರೆ. ಅಚ್ಚು, ರೆಸಿನ್, ಎಂಜಿನ್ ಎಲ್ಲದರ ಕೊಟೇಶನ್ ಇಟ್ಟಿದ್ದ. ಪಟ್ಟಿಯ ಕೊನೆಗೆ ಒಂದು ಸಾಲು: ಡೌನ್‌ರಿಗರ್, 2 ಸಂಖ್ಯೆ.

ನಾನು ಬಿ.ಕಾಂ. ಓದಿದವನು. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಅನ್ನೋದು ಬಿಟ್ಟರೆ ಯಾವುದನ್ನು ಎಲ್ಲಿ ಇಡಬೇಕು ಅನ್ನೋ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ಆದರೂ ಕೇಳಿದೆ, "ಇದೇನಪ್ಪಾ?"

ಅವನು ವಿವರಿಸಿದ್ದು ಇಷ್ಟು. ಓಡುವ ದೋಣಿಯ ಹಿಂದೆ ಗಾಳ ಬಿಟ್ಟರೆ ಅದು ಮೇಲ್ಮೈಯಲ್ಲೇ ತೇಲಿಕೊಂಡು ಬರುತ್ತೆ. ಮೀನು ಆಳದಲ್ಲಿದ್ದರೆ ಏನು ಮಾಡೋದು? ಒಂದು ರಾಟೆ, ಅದರಲ್ಲಿ ಸ್ಟೀಲ್ ತಂತಿ, ತಂತಿಯ ತುದಿಯಲ್ಲಿ ನಾಲ್ಕೈದು ಕಿಲೋ ಸೀಸದ ಗುಂಡು. ಗುಂಡಿನ ಹತ್ತಿರ ಒಂದು ಕ್ಲಿಪ್ಪು. ಗಾಳದ ದಾರವನ್ನು ಆ ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಬೇಕಾದಷ್ಟು ಆಳಕ್ಕೆ ಇಳಿಸೋದು. ಮೀನು ಕಚ್ಚಿ ಎಳೆದ ತಕ್ಷಣ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತೆ. ಆಮೇಲೆ ಗುಂಡಿನ ಭಾರ ತಂತಿಗೆ, ಮೀನಿನ ಸೆಣಸಾಟ ಮನುಷ್ಯನಿಗೆ.

"ಸರಿ, ಇದನ್ನ ದೋಣಿಯ ಯಾವ ಜಾಗದಲ್ಲಿ ಕೂರಿಸ್ತೀಯ?"

ಡ್ರಾಯಿಂಗ್ ಬಿಚ್ಚಿದ. ಎರಡನ್ನೂ ದೋಣಿಯ ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು, ರೆಕ್ಕೆಯ ಹಾಗೆ ಬರೆದಿದ್ದ. "ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಸಾರ್" ಅಂದ.

ನನಗೆ ಹೊಟ್ಟೆಯಲ್ಲಿ ಏನೋ ತಳಮಳ ಆಯಿತು. ಅದು ಡ್ರಾಯಿಂಗಿನದಲ್ಲ, ಮುತ್ತತ್ತಿಯದು.

ಮಳವಳ್ಳಿ ತಾಲೂಕಿನ ಮುತ್ತತ್ತಿ ಗೊತ್ತಲ್ಲ? ಸೀತಮ್ಮನ ಉಂಗುರ ಕಾವೇರಿಯಲ್ಲಿ ಬಿದ್ದು ಹೋದಾಗ ಆಂಜನೇಯ ಬಾಲದಿಂದ ನೀರು ಕಲಕಿ ತೆಗೆದುಕೊಟ್ಟ ಅನ್ನೋ ಊರು. ಆ ಕಲಕಿದ ಸುಳಿ ಇನ್ನೂ ನಿಂತಿಲ್ಲ ಅಂತ ನಮ್ಮಜ್ಜಿ ಹೇಳೋರು. ನೀರಿಗಿಳಿದು ಪ್ರಾಣ ಕಳೆದುಕೊಂಡವರು ಅಲ್ಲಿ ಬಹಳ ಜನ. ನನಗೆ ಹನ್ನೆರಡು ವರ್ಷ ಇರಬೇಕು, ಸೋದರಮಾವನ ಜೊತೆ ಹರಿಗೋಲಿನಲ್ಲಿ ಹೋಗಿದ್ದೆ. ಮಾವ ಸಾಲುಗಾಳ ಇಳಿಸುತ್ತಿದ್ದರು. ಹಗ್ಗದ ತುದಿಗೆ ಒಂದು ಗುಂಡುಕಲ್ಲು. ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಹಿಡ್ಕೊಂಡಿರು" ಅಂದರು. ಕೈ ನೋಯುತ್ತಿತ್ತು. ನಾನು ಜಾಣ, ಹರಿಗೋಲಿನ ಅಂಚಿನ ಬಿದಿರಿಗೆ ಅದನ್ನು ಸುತ್ತಿ ಗಟ್ಟಿಯಾಗಿ ಗಂಟು ಹಾಕಿದೆ.

ಕಲ್ಲು ಕೆಳಗೆ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ನೀರು ನಮ್ಮನ್ನು ಕೆಳಕ್ಕೆ ತಳ್ಳುತ್ತಿದೆ, ಹಗ್ಗ ಹಿಂದಕ್ಕೆ ಎಳೆಯುತ್ತಿದೆ. ಹರಿಗೋಲು ಒಂದು ಸುತ್ತು ತಿರುಗಿ, ನಾನು ಗಂಟು ಹಾಕಿದ್ದ ಅಂಚು ನಿಧಾನವಾಗಿ ಬಗ್ಗಿತು. ಮೊರಕ್ಕೆ ನೀರು ಸುರಿದ ಹಾಗೆ ಕಾವೇರಿ ಒಳಗೆ ಬಂದಳು. ನನ್ನ ಗಂಟು ನೆನೆದು ಕಲ್ಲಾಗಿತ್ತು. ಮಾವ ಒಂದೂ ಮಾತಾಡದೆ ಕುಡುಗೋಲು ತೆಗೆದು ಹಗ್ಗ ಕತ್ತರಿಸಿದರು. ಇಪ್ಪತ್ತು ಮಾರು ಹಗ್ಗ, ಗಾಳಗಳು, ಆ ವಾರದ ಸಂಪಾದನೆ ಎಲ್ಲಾ ಹೋಯಿತು. ದಡಕ್ಕೆ ಬಂದ ಮೇಲೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಬೀಡಿ ಹಚ್ಚಿಕೊಂಡು ಅಂದರು, "ಕಟ್ಟೋಕ್ ಮುಂಚೆ ಬಿಚ್ಚೋದ್ ಹೆಂಗೆ ಅಂತ ನೋಡ್ಕೋಬೇಕು ಕಣ್ಲಾ."

ಇರಲಿ. ಹುಡುಗನಿಗೆ "ಎರಡು ದಿನ ಬಿಟ್ಟು ಬಾ" ಅಂತ ಹೇಳಿ ಕಳಿಸಿದೆ. ಆ ಎರಡು ದಿನ ಮನೆಯಲ್ಲಿ ಸೀಸದ ಗುಂಡಿನದೇ ಪಾರಾಯಣ. ಹೆಂಡತಿ ಬೈದಳು, ಆ ಮಾತು ಬೇರೆ.

ಓದುತ್ತಾ ಹೋದ ಹಾಗೆ ಈ ಡೌನ್‌ರಿಗರ್‌ಗೆ ಒಳ್ಳೆಯ ಇತಿಹಾಸವೇ ಇದೆ ಅಂತ ಗೊತ್ತಾಯಿತು. ಇದರ ದೊಡ್ಡಪ್ಪ ಅಮೆರಿಕ ಮತ್ತು ಕೆನಡಾದ ಪೆಸಿಫಿಕ್ ಕರಾವಳಿಯ ಕಸುಬಿನ ಮೀನುಗಾರರ ದೋಣಿಗಳಲ್ಲಿದ್ದ. ಸಾಲ್ಮನ್ ಹಿಡಿಯುವ ಅವರು ಫಿರಂಗಿ ಗುಂಡಿನಂಥ ಸೀಸವನ್ನು ತಂತಿಗೆ ಕಟ್ಟಿ, ಗರ್ಡಿ ಅನ್ನೋ ರಾಟೆಯಿಂದ ಇಳಿಸುತ್ತಿದ್ದರು. ರಾಟೆಗಳು ದೋಣಿಯ ಹಿಂಭಾಗದಲ್ಲಿ, ಎರಡೂ ಪಕ್ಕಕ್ಕೆ. ಅಲ್ಲೇ ಒಂದು ಗುಂಡಿಯಂಥ ಜಾಗದಲ್ಲಿ ಮೀನುಗಾರ ಸೊಂಟದವರೆಗೆ ಇಳಿದು ನಿಂತು ಕೆಲಸ ಮಾಡುತ್ತಿದ್ದ. ಬಗ್ಗಿದರೂ ನೀರಿಗೆ ಬೀಳಬಾರದು ಅಂತ.

ಅದು ಹವ್ಯಾಸದ ದೋಣಿಗೆ ಬಂದ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಮಿಶಿಗನ್ ಸರೋವರದಲ್ಲಿ ಲ್ಯಾಂಪ್ರೇ ಅನ್ನೋ ರಕ್ತ ಹೀರುವ ಜೀವಿ ಸೇರಿಕೊಂಡು ಅಲ್ಲಿನ ದೊಡ್ಡ ಟ್ರೌಟ್ ಮೀನುಗಳೆಲ್ಲ ನಾಶವಾದವು. ತಿನ್ನುವವರಿಲ್ಲದೆ ಏಲ್‌ವೈಫ್ ಅನ್ನೋ ಪುಟ್ಟ ಮೀನು ವಿಪರೀತ ಹೆಚ್ಚಿ, ಸತ್ತು ದಡಕ್ಕೆ ಬಂದು ನಾರತೊಡಗಿತು. ಹೋವರ್ಡ್ ಟ್ಯಾನರ್ ಎಂಬ ಅಧಿಕಾರಿ 1966ರಲ್ಲಿ ಪೆಸಿಫಿಕ್ ಕಡೆಯ ಕೋಹೊ ಸಾಲ್ಮನ್ ಮರಿಗಳನ್ನು ತಂದು ಬಿಡಿಸಿದರು. 1967ರ ಹೊತ್ತಿಗೆ ಸರೋವರದ ತುಂಬ ದಪ್ಪ ದಪ್ಪ ಸಾಲ್ಮನ್. ಜಾತ್ರೆಯ ಹಾಗೆ ಜನ ಬಂದರು, ಕೈಗೆ ಸಿಕ್ಕ ದೋಣಿ ಹತ್ತಿ ನೀರಿಗಿಳಿದರು. ಆ ವರ್ಷ ಸೆಪ್ಟೆಂಬರ್ 23ರಂದು ಬಿರುಗಾಳಿ ಎದ್ದು ಏಳು ಜನ ಮುಳುಗಿ ಸತ್ತರು. ಅದು ಗಾಳಿಯ ತಪ್ಪು, ಗುಂಡಿನದಲ್ಲ. ಆದರೆ ಕೆರೆಗೆ ಮಾಡಿದ ಸಣ್ಣ ದೋಣಿ ಕಡಲಿನಂಥ ನೀರಿಗೆ ಇಳಿದರೆ ಏನಾಗುತ್ತೆ ಅನ್ನೋದು ಎಲ್ಲರಿಗೂ ಅರ್ಥವಾಯಿತು.

ಬೇಸಿಗೆಯಲ್ಲಿ ಅಲ್ಲಿ ಮೇಲಿನ ನೀರು ಬೆಚ್ಚಗಾಗುತ್ತೆ. ಸಾಲ್ಮನ್ ತಣ್ಣನೆಯ ಪದರ ಹುಡುಕಿಕೊಂಡು ಆಳಕ್ಕೆ ಇಳಿಯುತ್ತವೆ. ಅಲ್ಲಿಗೆ ಗಾಳ ಮುಟ್ಟಿಸಲು ಕಸುಬಿನವರ ದೊಡ್ಡ ರಾಟೆಯನ್ನು ಚಿಕ್ಕದು ಮಾಡಿಕೊಂಡರು. ಹೀಗೆ ಡೌನ್‌ರಿಗರ್ ಮನೆಮಾತಾಯಿತು.

ಹಾಗಾದರೆ ಜಾಗ ಯಾವುದು? ನನಗೆ ಅರ್ಥವಾಗಿದ್ದನ್ನು ಹೇಳುತ್ತೇನೆ. ದೋಣಿ ಮುಂದಕ್ಕೆ ಹೋಗುವಾಗ ನೀರಿನ ಎಳೆತಕ್ಕೆ ತಂತಿ ನೆಟ್ಟಗೆ ಇಳಿಯಲ್ಲ, ಹಿಂದಕ್ಕೆ ವಾಲುತ್ತೆ. ಚಿಕ್ಕ ದೋಣಿಯ ನಡುವೆ ಕೂರಿಸಿದರೆ, ತಿರುವಿನಲ್ಲಿ ಆ ತಂತಿ ದೋಣಿಯ ಹೊಟ್ಟೆಯ ಕೆಳಗೆ ಹೋಗಿ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳಬಹುದು. ಸಿಕ್ಕಿಕೊಂಡರಂತೂ ದೋಣಿ ಪಕ್ಕಕ್ಕೆ ವಾಲುತ್ತೆ. ಯಾವ ದೋಣಿಗೂ ಅಗಲವೇ ದುರ್ಬಲ ದಿಕ್ಕು. ಸರಿ, ತೀರಾ ಹಿಂದಿನ ಹಲಗೆಯ ಮೇಲೆ ಎಂಜಿನ್ ಪಕ್ಕದಲ್ಲೇ ಇಡೋಣ ಅಂದರೆ, ಅಲ್ಲಿ ಮೊದಲೇ ಎಂಜಿನ್ ಭಾರ, ಹಲಗೆಯ ಎತ್ತರವೂ ಕಡಿಮೆ. ಗುಂಡು ತಳದ ಬಂಡೆಗೆ ಸಿಕ್ಕಿ ದೋಣಿ ಮುಂದಕ್ಕೆ ಎಳೆದರೆ ಹಿಂಬದಿ ಬಗ್ಗಿ ಅಲೆ ಒಳಗೆ ನುಗ್ಗುತ್ತೆ.

ಅದಕ್ಕೇ ಹೆಚ್ಚಿನವರು ಒಂದು ರಾಜಿ ಮಾಡಿಕೊಂಡಿದ್ದಾರೆ. ಪಕ್ಕದ ಅಂಚಿನ ಮೇಲೆ, ಹಿಂದಿನ ಮೂಲೆಗೆ ಸ್ವಲ್ಪ ಮುಂಚೆ, ಎರಡೂ ಕಡೆ ಒಂದೊಂದು. ತೋಳು ಹೊರಕ್ಕೆ ಚಾಚಿರಬೇಕು, ಎರಡು ತಂತಿಗಳೂ ಒಂದಕ್ಕೊಂದು ದೂರ, ಪ್ರೊಪೆಲ್ಲರ್‌ಗೂ ದೂರ. ದಡಕ್ಕೆ ಬಂದಾಗ ಒಳಕ್ಕೆ ತಿರುಗಿಸಲು ಬುಡದಲ್ಲಿ ತಿರುಗಣಿ. ದೊಡ್ಡ ದೋಣಿಯಲ್ಲಿ ಪಕ್ಕಕ್ಕೆ ಉದ್ದ ತೋಳಿನ ಎರಡು, ಹಿಂದಕ್ಕೆ ಗಿಡ್ಡ ತೋಳಿನ ಎರಡು ಅಂತ ನಾಲ್ಕೂ ಇಡುತ್ತಾರೆ. ಬರೀ ಸ್ಕ್ರೂ ಹೊಡೆದರೆ ಫೈಬರ್ ಕಿತ್ತುಬರುತ್ತೆ. ಆರಪಾರ ಬೋಲ್ಟು, ಒಳಗಡೆ ಅಗಲವಾದ ಲೋಹದ ಪಟ್ಟಿ, ಒಳಗಿನ ಮರ ಕೊಳೆಯದಂತೆ ತೂತಿನ ಸುತ್ತ ಸೀಲು. ಇದೆಲ್ಲಕ್ಕಿಂತ ಮುಖ್ಯ, ನಿಂತಲ್ಲಿಂದಲೇ ಕೈಗೆ ಸಿಗಬೇಕು. ಗುಂಡು ಹಿಡಿಯಲು ಹೊರಕ್ಕೆ ಬಗ್ಗುವಂತಿದ್ದರೆ ಜಾಗ ತಪ್ಪು. ಸಿಕ್ಕಿಕೊಂಡರೆ ತಂತಿ ತಾನೇ ಜಾರಿಬಿಡುವಂತೆ ರಾಟೆಯ ಬಿಗಿ ಇರಬೇಕು. ಎಂಜಿನ್ ನ್ಯೂಟ್ರಲ್‌ಗೆ ತಂದು, ತಂತಿ ಬಿಡುತ್ತಾ ಬಂದ ದಾರಿಯಲ್ಲೇ ಹಿಂತಿರುಗಬೇಕು. ಅದೂ ಆಗದಿದ್ದರೆ ಕತ್ತರಿಸೋದು. ತಂತಿ ಕತ್ತರಿಸುವ ಇಕ್ಕುಳ ಪಕ್ಕದಲ್ಲೇ ಇರಬೇಕು, ಪೆಟ್ಟಿಗೆಯ ತಳದಲ್ಲಲ್ಲ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಹರಿಗೋಲು ಬೇರೆಯದೇ ಥರ ಕಾಣತೊಡಗಿತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ಆನೆಗೊಂದಿಯ ಹತ್ತಿರ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತೆ ಅಂತ. ಸರಿಯಾಗಿಯೇ ನೋಡಿದ್ದಾನೆ! ಮುಂದೆ ಇಲ್ಲ, ಹಿಂದೆ ಇಲ್ಲ, ಮೂಲೆಯೂ ಇಲ್ಲ. ಎಲ್ಲಿ ಕಟ್ಟಿದರೂ ಅದು ಅಂಚೇ, ಎಲ್ಲಿ ಎಳೆದರೂ ನೀರು ಒಳಗೆ. ಹಾಗಾಗಿ ಕಾವೇರಿಯವರು ಭಾರವನ್ನು ದೋಣಿಗೆ ಕಟ್ಟಲೇ ಇಲ್ಲ. ದಾರ ಕೈಯಲ್ಲಿ, ಭಾರ ದಾರದಲ್ಲಿ.

ಅಂದ ಹಾಗೆ ಹವ್ಯಾಸದ ಮೀನುಗಾರಿಕೆಗೆ ನಮ್ಮ ನಾಡು ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲೇ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಪುಸ್ತಕ ಬರೆದರು. ಅದರ ನಾಯಕ ಮಹಶೀರ್, ನಮ್ಮ ಕಡೆಯ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ ಸುಮಾರು 54 ಕಿಲೋ. ಆಮೇಲೆ ಕಥೆ ತಣ್ಣಗಾಯಿತು. 1977-78ರಲ್ಲಿ ಮೂವರು ಬ್ರಿಟಿಷ್ ಹುಡುಗರು ಮತ್ತೆ ಕಾವೇರಿಗೆ ಬಂದು ದೊಡ್ಡ ಮೀನು ಇನ್ನೂ ಇದೆ ಅಂತ ತೋರಿಸಿದರು. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್, ಮುತ್ತತ್ತಿಯ ಪಕ್ಕದ ಭೀಮೇಶ್ವರಿಯಲ್ಲಿ ಕ್ಯಾಂಪ್ ನಡೆಸಿತು. ಬೇಯಿಸಿದ ರಾಗಿಹಿಟ್ಟಿನ ಉಂಡೆಯೇ ಗಾಳದ ಎರೆ. ನಮ್ಮ ಮುದ್ದೆಗೆ ವಿಲಾಯತಿಯ ರಾಡು!

ನನಗೆ ಇಷ್ಟವಾಗಿದ್ದು ಅಲ್ಲಿ ಭಾರ ಕಟ್ಟುತ್ತಿದ್ದ ರೀತಿ. ಕಾವೇರಿಯ ತಳ ಪೂರ್ತಿ ಬಂಡೆ. ದುಂಡು ಸೀಸ ಹಾಕಿದರೆ ಸಂದಿಗೆ ಸೇರಿ ಮುಗಿಯಿತು. ಅದಕ್ಕೆ ಮೆದು ಸೀಸದ ಪಟ್ಟಿಯನ್ನು ದಾರಕ್ಕೆ ಸುರುಳಿ ಸುತ್ತುತ್ತಿದ್ದರು. ಸಿಕ್ಕಿಕೊಂಡು ಜೋರಾಗಿ ಎಳೆದರೆ ಸೀಸ ಬಗ್ಗಿ, ಜಾರಿ ಬಿಟ್ಟುಬಿಡುತ್ತೆ. ಮಿಶಿಗನ್‌ನ ಕ್ಲಿಪ್ಪು ಮಾಡುವ ಕೆಲಸವನ್ನೇ ಇಲ್ಲಿ ಒಂದು ಸೀಸದ ಚೂರು ಮಾಡುತ್ತಿತ್ತು.

ಆ ಮೀನುಗಾರಿಕೆ ಈಗಿಲ್ಲ. ಆ ಭಾಗ 1987ರಲ್ಲಿ ಕಾವೇರಿ ವನ್ಯಧಾಮ ಆಗಿತ್ತು, 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ಹಾಕುವುದೂ ನಿಂತಿತು. ಆ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು, ಟೋರ್ ರೆಮಾದೇವಿಯೈ, ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಗುವಷ್ಟರಲ್ಲಿ ಮೀನೇ ಹೋಗುವ ಹಾಗಾಯಿತು.

ಎರಡು ದಿನ ಬಿಟ್ಟು ಹುಡುಗ ಬಂದ. ನಾನು ಡ್ರಾಯಿಂಗ್ ಮೇಲೆ ಪೆನ್ಸಿಲ್ಲಿನಿಂದ ಎರಡು ಬಾಣ ಎಳೆದು ಹಿಂದಿನ ಮೂಲೆಗಳ ಹತ್ತಿರ ತೋರಿಸಿದೆ. ಮೊದಲು ನಕ್ಕ. ಬ್ಯಾಂಕಿನವರಿಗೆ ಇದೆಲ್ಲ ಯಾಕೆ ಅನ್ನೋ ನಗು. ಆಗ ಕೇಳಿದೆ, "ಗುಂಡು ಬಂಡೆಗೆ ಸಿಕ್ಕಿತು, ಎಂಜಿನ್ ಓಡ್ತಿದೆ, ದೋಣೀಲಿ ನಿನ್ನ ಮಗ ಇದಾನೆ. ಮೊದಲು ಏನು ಮಾಡ್ತೀಯ?"

ನಗು ನಿಂತಿತು. ಡ್ರಾಯಿಂಗನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದ. "ಸಾರ್, ಇಲ್ಲಿ ಫೈಬರ್ ದಪ್ಪ ಮಾಡಬೇಕಾಗುತ್ತೆ, ಖರ್ಚು ಹೆಚ್ಚಾಗುತ್ತೆ" ಅಂದ. ಆಗಲಿ ಅಂದೆ.

ಪರಿಷ್ಕರಿಸಿದ ಅಂದಾಜು ಪಟ್ಟಿ ಮುಂದಿನ ವಾರ ಬಂತು. ಡೌನ್‌ರಿಗರ್ 2, ಸ್ಟೀಲ್ ಪಟ್ಟಿ 2, ಬೋಲ್ಟು 8. ಅದರ ಕೆಳಗೆ ಹೊಸ ಸಾಲು: ತಂತಿ ಕತ್ತರಿಸುವ ಇಕ್ಕುಳ, 1 ಸಂಖ್ಯೆ. ಮೇಲಧಿಕಾರಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಇದು ಯಾವ ಆಸ್ತಿ ಅಂತ ಕೇಳಿದರು. "ಸುರಕ್ಷತಾ ಸಾಧನ" ಅಂತ ಬರೆದು ಸಹಿ ಹಾಕಿದೆ.

ಮೂವತ್ತು ವರ್ಷದಿಂದ ಈ ಊರಿಗೆ ಕಟ್ಟಿಕೊಂಡು ಕೂತಿದ್ದೇನೆ. ಮಾವ ಹೋಗಿ ಬಹಳ ಕಾಲವಾಯಿತು. ಆ ಕುಡುಗೋಲು ಯಾರ ಮನೆಯಲ್ಲಿದೆಯೋ. ಈ ಸಲ ಊರಿಗೆ ಹೋದಾಗ ಕೇಳಬೇಕು.