ಮೂರನೆಯ ಅಲೆಕ್ಸಾಂಡರನ ಪ್ರತಿಸುಧಾರಣೆಗಳು

ರಷ್ಯದ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನು ತನ್ನ ಆಳ್ವಿಕೆಯಲ್ಲಿ (1881–1894) ಜಾರಿಗೆ ತಂದ ಸಂಪ್ರದಾಯವಾದಿ ಕಾನೂನುಗಳನ್ನು ಪ್ರತಿಸುಧಾರಣೆಗಳು ಎಂದು ಕರೆಯುತ್ತಾರೆ. ತಂದೆಯ ಕಾಲದ ಉದಾರ ಸುಧಾರಣೆಗಳನ್ನು ಮೊಟಕುಗೊಳಿಸಿ, ಜಾರ್ ದೊರೆಯ ನಿರಂಕುಶಾಧಿಕಾರವನ್ನು ಭದ್ರಪಡಿಸುವುದು ಇವುಗಳ ಉದ್ದೇಶವಾಗಿತ್ತು.

ಹಿನ್ನೆಲೆ

ಎರಡನೆಯ ಅಲೆಕ್ಸಾಂಡರನು 1861ರಲ್ಲಿ ರೈತರ ಜೀತಪದ್ಧತಿಯನ್ನು ರದ್ದುಪಡಿಸಿದನು. 1864ರಲ್ಲಿ ಜೆಮ್ಸ್ತ್ವೊ ಎಂಬ ಚುನಾಯಿತ ಸ್ಥಳೀಯ ಸಂಸ್ಥೆಗಳನ್ನೂ ಜ್ಯೂರಿ ಪದ್ಧತಿಯ ನ್ಯಾಯಾಲಯಗಳನ್ನೂ ಸ್ಥಾಪಿಸಿದನು. 1881ರ ಮಾರ್ಚ್ 13ರಂದು ಕ್ರಾಂತಿಕಾರಿಗಳ ಬಾಂಬಿಗೆ ಬಲಿಯಾದನು. ಶಾಸನರಚನೆಯಲ್ಲಿ ಚುನಾಯಿತ ಪ್ರತಿನಿಧಿಗಳ ಸಲಹೆ ಪಡೆಯುವ ಗೃಹಮಂತ್ರಿ ಲೋರಿಸ್-ಮೆಲಿಕೋವನ ಯೋಜನೆಗೆ ಅಂದು ಬೆಳಗ್ಗೆಯಷ್ಟೇ ಅವನು ಸಮ್ಮತಿಸಿದ್ದನು. ಹೊಸ ದೊರೆ ಈ ಯೋಜನೆಯನ್ನು ಕೈಬಿಟ್ಟನು. ಅವನಿಗೆ ಗುರುವಾಗಿದ್ದ ಕಾನ್‌ಸ್ಟಾಂಟಿನ್ ಪೊಬೆದೊನೊಸ್ತ್ಸೆವನು ರಚಿಸಿದ ಮೇ 11ರ ಘೋಷಣೆಯು ನಿರಂಕುಶಾಧಿಕಾರವು ಅಚಲವೆಂದು ಸಾರಿತು. ಲೋರಿಸ್-ಮೆಲಿಕೋವನು ರಾಜೀನಾಮೆ ನೀಡಿದನು.

ಪ್ರಮುಖ ಕ್ರಮಗಳು

• 1881: ತುರ್ತು ರಕ್ಷಣಾ ನಿಯಮಗಳು. ಇವುಗಳಂತೆ ಅಧಿಕಾರಿಗಳು ವಿಚಾರಣೆಯಿಲ್ಲದೆ ಜನರನ್ನು ಬಂಧಿಸಬಹುದಾಗಿತ್ತು, ಗಡೀಪಾರು ಮಾಡಬಹುದಾಗಿತ್ತು, ಪತ್ರಿಕೆಗಳನ್ನು ಮುಚ್ಚಿಸಬಹುದಾಗಿತ್ತು.
• 1882: ಯೆಹೂದ್ಯರ ವಾಸ ಮತ್ತು ಆಸ್ತಿ ಖರೀದಿಯ ಮೇಲೆ ಹೊಸ ನಿರ್ಬಂಧಗಳು.
• 1884: ವಿಶ್ವವಿದ್ಯಾಲಯಗಳ ಸ್ವಾಯತ್ತತೆ ರದ್ದು.
• 1887: ಶಿಕ್ಷಣಮಂತ್ರಿ ದೆಲ್ಯಾನೊವನ ಸುತ್ತೋಲೆ. ಗಾಡಿ ಹೊಡೆಯುವವರು, ಅಡುಗೆಯವರು, ಅಗಸಗಿತ್ತಿಯರು ಮುಂತಾದವರ ಮಕ್ಕಳನ್ನು ಪ್ರೌಢಶಾಲೆಗಳಿಂದ ದೂರವಿಡುವಂತೆ ಇದು ಸೂಚಿಸಿತು. 'ಅಡುಗೆಯವರ ಮಕ್ಕಳ ಸುತ್ತೋಲೆ' ಎಂದೇ ಇದು ಕುಪ್ರಸಿದ್ಧವಾಯಿತು.
• 1889: ರೈತರ ಆಡಳಿತ ಮತ್ತು ನ್ಯಾಯನಿರ್ಣಯದ ಅಧಿಕಾರವನ್ನು ಕುಲೀನ ವರ್ಗದ ಗ್ರಾಮಾಂತರ ಅಧಿಕಾರಿಗಳಿಗೆ ವಹಿಸಲಾಯಿತು.
• 1890 ಮತ್ತು 1892: ಜೆಮ್ಸ್ತ್ವೊಗಳಲ್ಲಿ ಕುಲೀನರ ಪ್ರಾಬಲ್ಯವನ್ನು ಹೆಚ್ಚಿಸಲಾಯಿತು. ನಗರಸಭೆಗಳಲ್ಲಿ ಮತದಾನದ ಹಕ್ಕನ್ನು ಹೆಚ್ಚಿನ ಆಸ್ತಿಯುಳ್ಳವರಿಗೆ ಸೀಮಿತಗೊಳಿಸಲಾಯಿತು.

ಮಿತಿಗಳು

ಹಳೆಯ ಸುಧಾರಣೆಗಳೆಲ್ಲವೂ ಅಳಿಯಲಿಲ್ಲ. ಜೀತವಿಮೋಚನೆ ಮತ್ತು ಜ್ಯೂರಿ ಪದ್ಧತಿ ಉಳಿದುಕೊಂಡವು. ಇದೇ ಆಳ್ವಿಕೆಯಲ್ಲಿ ತಲೆಗಂದಾಯವು ರದ್ದಾಯಿತು, ರೈತರಿಗೆ ಭೂಮಿ ಕೊಳ್ಳಲು ಸಾಲ ನೀಡುವ ಬ್ಯಾಂಕು ಸ್ಥಾಪನೆಯಾಯಿತು.

ಪರಿಣಾಮ

1891–92ರ ಭೀಕರ ಕ್ಷಾಮದಲ್ಲಿ ಪರಿಹಾರಕಾರ್ಯಕ್ಕಾಗಿ ಸರ್ಕಾರವು ತಾನೇ ಮೊಟಕುಗೊಳಿಸಿದ್ದ ಜೆಮ್ಸ್ತ್ವೊಗಳ ನೆರವನ್ನು ಪಡೆಯಬೇಕಾಯಿತು. ಆದರೂ ಧೋರಣೆ ಬದಲಾಗಲಿಲ್ಲ. ಆಡಳಿತದಲ್ಲಿ ಪಾಲ್ಗೊಳ್ಳುವ ಜೆಮ್ಸ್ತ್ವೊಗಳ ಆಸೆಯನ್ನು ಎರಡನೆಯ ನಿಕೊಲಸನು 1895ರಲ್ಲಿ ಅರ್ಥಹೀನ ಕನಸೆಂದು ತಳ್ಳಿಹಾಕಿದನು. ಕಾನೂನುಬದ್ಧ ದಾರಿಗಳು ಮುಚ್ಚಿದಂತೆಲ್ಲ ಅಸಮಾಧಾನವು ಗುಪ್ತ ಸಂಘಟನೆಗಳತ್ತ ಹರಿಯಿತು. 1905ರ ಕ್ರಾಂತಿಯ ಒತ್ತಡದಿಂದ ದೊರೆಯು ಡೂಮಾ ಎಂಬ ಚುನಾಯಿತ ಶಾಸನಸಭೆಗೆ ಒಪ್ಪಬೇಕಾಯಿತು. ಮೂರು ವರ್ಷಗಳ ಅವಧಿಗೆಂದು ತಂದಿದ್ದ 1881ರ ತುರ್ತು ನಿಯಮಗಳು ಮಾತ್ರ ಮತ್ತೆ ಮತ್ತೆ ನವೀಕರಣಗೊಂಡು, 1917ರಲ್ಲಿ ರಾಜಪ್ರಭುತ್ವ ಕೊನೆಗೊಳ್ಳುವವರೆಗೂ ಜಾರಿಯಲ್ಲಿದ್ದವು.