ಸೊಕ್ಕಿದ್ದವರ ಹಾದಿ

‘ರೊಕ್ಕಿದ್ದವರು ಗೋಕರ್ಣಕ್ಕೆ, ಸೊಕ್ಕಿದ್ದವರು ಯಾಣಕ್ಕೆ’ ಎಂಬ ಗಾದೆ ಶಿರಸಿ, ಸಿದ್ದಾಪುರದ ಕಡೆ ಇಂದಿಗೂ ಬಳಕೆಯಲ್ಲಿದೆ. ಇಲ್ಲಿ ಸೊಕ್ಕೆಂದರೆ ಅಹಂಕಾರವಲ್ಲ, ಮೈಯಲ್ಲಿನ ಕಸುವು. ಶಿರಸಿಯಿಂದ ಸುಮಾರು 40 ಕಿ.ಮೀ. ದೂರದ ಯಾಣ ಕುಮಟಾ ತಾಲ್ಲೂಕಿಗೆ ಸೇರಿದ್ದು. ರಸ್ತೆಯಿಲ್ಲದ ಕಾಲದಲ್ಲಿ ಉಂಬಳ ಕಚ್ಚಿಸಿಕೊಳ್ಳುತ್ತ, ಹಳ್ಳ ದಾಟುತ್ತ ಕಾಡಿನಲ್ಲಿ ನಡೆದೇ ಅಲ್ಲಿಗೆ ಮುಟ್ಟಬೇಕಿತ್ತು.

ಕಾಡಿನ ನಡುವೆ ಒಮ್ಮೆಲೇ ಎದ್ದು ನಿಲ್ಲುತ್ತವೆ ಎರಡು ಕರಿಯ ಸುಣ್ಣಕಲ್ಲಿನ ಬಂಡೆಗಳು: 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಕಲ್ಲು ಕಪ್ಪಾದದ್ದು ಭಸ್ಮಾಸುರ ಸುಟ್ಟುಹೋದ ಬೂದಿಯಿಂದ ಎನ್ನುತ್ತದೆ ಐತಿಹ್ಯ. ಬಂಡೆಯ ಮೈತುಂಬ ಹೆಜ್ಜೇನಿನ ತಟ್ಟಿಗಳು. ಭಕ್ತರು ಹುಡುಕಿ ಬಂದದ್ದು ಶಿಖರದ ತುದಿಯನ್ನಲ್ಲ, ಬುಡದ ಗುಹೆಯನ್ನು. ಅಲ್ಲಿ ಲಿಂಗದ ಮೇಲೆ ಬಂಡೆಯಿಂದಲೇ ನೀರು ತೊಟ್ಟಿಕ್ಕುತ್ತದೆ, ಶಿವರಾತ್ರಿಗೆ ಜಾತ್ರೆ.

ಇದೇ ಸೀಮೆಯ ಸಿದ್ದಾಪುರದ ಉಂಚಳ್ಳಿ ಜಲಪಾತವನ್ನು 1845ರಲ್ಲಿ ‘ಕಂಡುಹಿಡಿದ’ ಹೆಸರು ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್‌ಗೆ ಸಂದಿತು. ಊರವರು ಮಾತ್ರ ಕಿವಿಗಡಚಿಕ್ಕುವ ಆ ನೀರನ್ನು ಕೆಪ್ಪಜೋಗ ಎಂದೇ ಕರೆದರು. ಯಾಣಕ್ಕೆ ಅಂಥ ಸಾಹೇಬನ ಹೆಸರು ಅಂಟಲಿಲ್ಲ. ಅದನ್ನು ನಾಡಿಗೆಲ್ಲ ತೋರಿಸಿದ್ದು 1996ರ ‘ನಮ್ಮೂರ ಮಂದಾರ ಹೂವೆ’ ಸಿನಿಮಾ. ಈಗ ವಾಹನ ಹತ್ತಿರದವರೆಗೂ ಹೋಗುತ್ತದೆ. ಉಳಿದ ಅಲ್ಪ ದೂರಕ್ಕೆ ಅಷ್ಟೇನೂ ಸೊಕ್ಕು ಬೇಡ.